ಐದು ವ್ಯಾಟಿನ ವಾಲ್ವ್, ಅರವತ್ತು ವ್ಯಾಟಿನ ಟ್ರಾನ್ಸಿಸ್ಟರ್

ದಾವಣಗೆರೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎರಡು ಗಿಟಾರ್ ಆಂಪ್ಲಿಫೈಯರ್‌ಗಳಿವೆ. ಒಂದು 5 ವ್ಯಾಟಿನ ವಾಲ್ವ್ (ಗಾಜಿನ ಬುರುಡೆಯ ನಿರ್ವಾತ ನಳಿಕೆ) ಆಂಪ್, ಅದರೊಳಗೆ ಇ.ಸಿ.ಸಿ. 83 ಎಂಬ ಚಿಕ್ಕ ವಾಲ್ವ್ ಒಂದು, ಇ.ಎಲ್. 84 ಎಂಬ ಔಟ್‌ಪುಟ್ ವಾಲ್ವ್ ಒಂದು, ಅಷ್ಟೇ. ಇನ್ನೊಂದು 60 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್. ಗಣೇಶೋತ್ಸವದಿಂದ ಹಿಡಿದು ಊರಹಬ್ಬದವರೆಗೆ ನಮ್ಮ ಆರ್ಕೆಸ್ಟ್ರಾ ಹೋದಲ್ಲೆಲ್ಲ ಹನ್ನೆರಡು ವರ್ಷಗಳಿಂದ ಅದು ನನ್ನ ಜೊತೆಗೆ ಬಂದಿದೆ. ಸಂಜೆ ಗಿಟಾರ್ ಕಲಿಯಲು ಬರುವ ಹುಡುಗರಲ್ಲಿ ಯಾರಾದರೊಬ್ಬರು ತಿಂಗಳಿಗೊಮ್ಮೆಯಾದರೂ "ಸರ, ವಾಲ್ವ್ ಆಂಪೇ ಚೆನ್ನಾಗಿರ್ತತಿ ಅಂತಾರಲ್ಲ, ಹೌದೇನ್ರಿ?" ಎಂದು ಕೇಳುತ್ತಾರೆ. ಬಹಳ ಕಾಲ ನಾನು ಬೇರೆಯವರಿಂದ ಕೇಳಿದ್ದನ್ನೇ ಉತ್ತರವಾಗಿ ಹೇಳುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಎರಡನ್ನೂ ಒಂದೇ ಸ್ಪೀಕರಿಗೆ ಜೋಡಿಸಿ, ಸ್ವಂತ ಕಿವಿಯಿಂದ ಕೇಳಿ, ಆಮೇಲೆ ಉತ್ತರಿಸಬೇಕೆಂದು ತೀರ್ಮಾನಿಸಿದೆ.

ಒಂದೇ ಸ್ಪೀಕರ್ ಎಂಬ ಮಾತು ಇಲ್ಲಿ ಬಹಳ ಮುಖ್ಯ. ಅಂಗಡಿಯಲ್ಲಿ ಎರಡು ಆಂಪ್‌ಗಳನ್ನು ಹೋಲಿಸುವಾಗ ನಾವು ನಿಜವಾಗಿ ಹೋಲಿಸುತ್ತಿರುವುದು ಎರಡು ಸ್ಪೀಕರ್‌ಗಳನ್ನು ಮತ್ತು ಎರಡು ಮರದ ಪೆಟ್ಟಿಗೆಗಳನ್ನು. ಗಿಟಾರ್ ಸ್ಪೀಕರ್ 5,000 ಹರ್ಟ್ಸ್ ದಾಟಿದ ಮೇಲೆ ತನ್ನ ದನಿಯನ್ನು ಬಹುಬೇಗ ಕಳೆದುಕೊಳ್ಳುತ್ತದೆ; ಗಿಟಾರಿನ ಒರಟು ಹಾರ್ಮೋನಿಕ್‌ಗಳನ್ನು (ಮೂಲ ಸ್ವರದ ಜೊತೆಗೆ ಹುಟ್ಟುವ, ಅದರ ಕಂಪನದ ಎರಡು, ಮೂರು ಪಟ್ಟು ಹೀಗೆ ಇರುವ ಮೇಲಿನ ಸ್ವರಗಳನ್ನು) ಸೋಸಿ ಕೇಳುವಂತೆ ಮಾಡುವುದೇ ಅದು. ಆದ್ದರಿಂದ 12 ಇಂಚಿನ, 8 ಓಂ ಸ್ಪೀಕರ್ ಇರುವ ಒಂದೇ ಪೆಟ್ಟಿಗೆಯನ್ನು ಎರಡಕ್ಕೂ ಇಟ್ಟುಕೊಂಡೆವು. ಗಿಟಾರ್, ಕೇಬಲ್, ಕುಳಿತುಕೊಳ್ಳುವ ಜಾಗ ಯಾವುದೂ ಬದಲಾಗಲಿಲ್ಲ. ಮೊಬೈಲಿನಲ್ಲಿರುವ ಶಬ್ದಮಾಪಕವನ್ನು ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲಿಟ್ಟು ಎರಡರ ಗಟ್ಟಿತನವನ್ನು ಸರಿದೂಗಿಸಿದೆವು, ಏಕೆಂದರೆ ತುಸು ಜೋರಾಗಿರುವುದನ್ನೇ ನಮ್ಮ ಕಿವಿ ಹೆಚ್ಚು ಇಂಪೆಂದು ಒಪ್ಪಿಕೊಂಡುಬಿಡುತ್ತದೆ. ನಾನು ಗೋಡೆಗೆ ಮುಖಮಾಡಿ ಕುಳಿತಾಗ ನನ್ನ ಹಿರಿಯ ಶಿಷ್ಯ ವೈರು ಬದಲಾಯಿಸಿ ನುಡಿಸಿದ. ಅವನು ಕುಳಿತಾಗ ನಾನು ನುಡಿಸಿದೆ.

ಮೊದಲು ಸಣ್ಣ ದನಿಯಲ್ಲಿ, ಕ್ಲೀನ್ ಆಗಿ, ಅಂದರೆ ಗರಗರವಿಲ್ಲದೆ ಕೇಳಿದೆವು. ಟೋನ್ ಗುಂಡಿಗಳೆಲ್ಲ ನಡುವೆ ಇದ್ದಾಗ ವ್ಯತ್ಯಾಸ ಸ್ಪಷ್ಟವಾಗಿಯೇ ಇತ್ತು. ವಾಲ್ವ್ ಆಂಪಿನಲ್ಲಿ ದಪ್ಪ ತಂತಿಗಳು ತುಂಬಿಕೊಂಡು ಬರುತ್ತಿದ್ದವು, ಸಣ್ಣ ತಂತಿಗಳಲ್ಲಿ ಒಂದು ಮಿನುಗು ಇತ್ತು. ಟ್ರಾನ್ಸಿಸ್ಟರ್ ಆಂಪ್ ಅದರ ಪಕ್ಕದಲ್ಲಿ ಒಣಗಿದಂತೆ, ಬಿಗಿಯಾಗಿ ಕೇಳುತ್ತಿತ್ತು. ವಾಲ್ವಿನ ದನಿಗೆ 'ಬೆಚ್ಚಗಿನ ದನಿ' ಎಂದು ಜನ ಹೇಳುವುದು ಇದನ್ನೇ ಇರಬೇಕು. ಆದರೆ ಈ ವ್ಯತ್ಯಾಸಕ್ಕೆ ಗಾಜಿನ ಬುರುಡೆಯೊಳಗಿನ ಕೆಂಪು ಬೆಳಕು ಕಾರಣವಲ್ಲವೆಂದು ನನಗೆ ಮೊದಲಿನಿಂದಲೂ ಅನುಮಾನವಿತ್ತು, ಮತ್ತು ಅದನ್ನು ಪರೀಕ್ಷಿಸುವ ಸುಲಭವಾದ ದಾರಿಯೊಂದಿತ್ತು.

ಸ್ಪೀಕರಿನ ಬೆನ್ನಿಗೆ '8 ಓಂ' ಎಂದು ಬರೆದಿದ್ದರೂ ಅದು ಎಲ್ಲ ಸ್ವರಗಳಿಗೂ 8 ಓಂ ಆಗಿರುವುದಿಲ್ಲ. ಅದರ ಕಾಗದದ ಕೋನ್ ತಾನಾಗಿಯೇ ತೂಗಲು ಇಷ್ಟಪಡುವ ಒಂದು ಕಂಪನವಿರುತ್ತದೆ. ಗಿಟಾರ್ ಸ್ಪೀಕರ್‌ಗಳಲ್ಲಿ ಅದು ಸಾಮಾನ್ಯವಾಗಿ 75ರಿಂದ 110 ಹರ್ಟ್ಸ್‌ನೊಳಗೆ ಬರುತ್ತದೆ. ಗಿಟಾರಿನ ಅತಿ ದಪ್ಪ ತಂತಿ 82 ಹರ್ಟ್ಸ್‌ನಲ್ಲಿ ನುಡಿಯುವುದರಿಂದ ಇದು ನಮಗೆ ನೇರವಾಗಿ ಸಂಬಂಧಿಸಿದ ಸಂಗತಿ. ಆ ಕಂಪನದ ಬಳಿ ಸ್ಪೀಕರಿನ ಪ್ರತಿರೋಧ ಹಲವು ಪಟ್ಟು ಏರುತ್ತದೆ, ಮೇಲಿನ ಸ್ವರಗಳತ್ತ ಹೋದಂತೆ ಸುರುಳಿಯ ಗುಣದಿಂದಾಗಿ ಮತ್ತೆ ಏರುತ್ತದೆ. ಟ್ರಾನ್ಸಿಸ್ಟರ್ ಆಂಪಿನ ಔಟ್‌ಪುಟ್ ಪ್ರತಿರೋಧ ಒಂದು ಓಂನ ಸಣ್ಣ ಪಾಲು ಮಾತ್ರ. ಸ್ಪೀಕರ್ ಹೇಗೇ ಏರಿಳಿದರೂ ಅದು ಅಷ್ಟೇ ವೋಲ್ಟೇಜನ್ನು ಕೊಡುತ್ತಾ ಕೋನನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ನನ್ನ ಚಿಕ್ಕ ವಾಲ್ವ್ ಆಂಪಿನಲ್ಲಿ ಋಣಾತ್ಮಕ ಫೀಡ್‌ಬ್ಯಾಕ್ (ಹೊರಬಂದ ಅಲೆಯನ್ನು ನೋಡಿ ತಪ್ಪು ತಿದ್ದುವ ವ್ಯವಸ್ಥೆ) ಇಲ್ಲದಿರುವುದರಿಂದ ಅದರ ಔಟ್‌ಪುಟ್ ಪ್ರತಿರೋಧ ಸ್ಪೀಕರಿನದಕ್ಕಿಂತ ಹೆಚ್ಚಾಗಿಯೇ ಇದೆ. ಹಾಗಾಗಿ ಸ್ಪೀಕರಿನ ಪ್ರತಿರೋಧ ಏರಿದಲ್ಲೆಲ್ಲ ವೋಲ್ಟೇಜೂ ಏರುತ್ತದೆ. ಕೆಳಗಿನ ತುಂಬುದನಿ, ಮೇಲಿನ ಮಿನುಗು ಎರಡೂ ಹುಟ್ಟುವುದು ಅಲ್ಲಿಂದ.

ಇದು ನಿಜವಾದರೆ ಟ್ರಾನ್ಸಿಸ್ಟರ್ ಆಂಪಿಗೂ ಸ್ಪೀಕರಿಗೂ ನಡುವೆ ಒಂದು ರೆಸಿಸ್ಟರ್ ಸೇರಿಸಿದರೆ ಅದೂ ವಾಲ್ವಿನ ಹಾಗೆ ಸಡಿಲವಾಗಬೇಕು. ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ 10 ಓಂ, 20 ವ್ಯಾಟಿನ ಬಿಳಿ ಸಿರಾಮಿಕ್ ರೆಸಿಸ್ಟರ್ ತಂದೆ. ಬೆಲೆ 50 ರೂಪಾಯಿಗಿಂತ ಕಡಿಮೆ. ಅದನ್ನು ಸ್ಪೀಕರ್ ವೈರಿನ ಒಂದು ಎಳೆಗೆ ಸರಣಿಯಲ್ಲಿ ಬೆಸೆದೆ. ಒಟ್ಟು ಲೋಡ್ ಸುಮಾರು 18 ಓಂ ಆಗುವುದರಿಂದ ಟ್ರಾನ್ಸಿಸ್ಟರ್ ಆಂಪಿಗೆ ಅಪಾಯವಿಲ್ಲ. ಅರ್ಧಕ್ಕಿಂತ ಹೆಚ್ಚು ಶಕ್ತಿ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತದೆ, ರೆಸಿಸ್ಟರ್ ಕೈಸುಡುವಷ್ಟು ಕಾಯುತ್ತದೆ. ದನಿಯನ್ನು ಮತ್ತೆ ಸರಿದೂಗಿಸಿ, ಟೋನ್ ಗುಂಡಿಗಳನ್ನು ಸ್ವಲ್ಪ ತಿರುಗಿಸಿ, ಗೋಡೆಗೆ ಮುಖಮಾಡಿ ಕುಳಿತೆ. ಆ ಮಧ್ಯಾಹ್ನ ನಾನೂ ನನ್ನ ಶಿಷ್ಯನೂ ಸರದಿಯ ಮೇಲೆ ಎಷ್ಟು ಸಲ ಕೇಳಿದರೂ ಕ್ಲೀನ್ ದನಿಯಲ್ಲಿ ಯಾವುದು ವಾಲ್ವ್, ಯಾವುದು ಟ್ರಾನ್ಸಿಸ್ಟರ್ ಎಂದು ನಂಬಿಕೆಯಿಂದ ಹೇಳಲಾಗಲಿಲ್ಲ. ಇಷ್ಟು ವರ್ಷ ವಾಲ್ವಿನ ಆತ್ಮವೆಂದು ತಿಳಿದಿದ್ದ ಗುಣದ ದೊಡ್ಡ ಪಾಲು ಒಂದು ರೆಸಿಸ್ಟರಿನೊಳಗೆ ಸಿಕ್ಕಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಶಕ್ತಿಯನ್ನು ವ್ಯರ್ಥ ಮಾಡದೆ, ಕರೆಂಟ್ ಫೀಡ್‌ಬ್ಯಾಕ್ ಎಂಬ ಸರ್ಕ್ಯೂಟಿನಿಂದ ಇದೇ ಕೆಲಸವನ್ನು ಮಾಡುವ ಟ್ರಾನ್ಸಿಸ್ಟರ್ ಆಂಪ್‌ಗಳೂ ಇವೆ; ಗಿಟಾರಿಗೆಂದೇ ಯೋಚಿಸಿ ಮಾಡಿದ ಆಂಪಿಗೂ ಸಭಾಂಗಣದ ಆಂಪಿಗೂ ಇರುವ ಭೇದಗಳಲ್ಲಿ ಇದೂ ಒಂದು.

ಆಮೇಲೆ ಎರಡನ್ನೂ ಅವುಗಳ ಮಿತಿಯವರೆಗೆ ಏರಿಸಿದೆವು. ಅಲ್ಲಿ ರೆಸಿಸ್ಟರ್ ಉಪಯೋಗಕ್ಕೆ ಬರಲಿಲ್ಲ. ಕಣ್ಣುಮುಚ್ಚಿ ಕೇಳಿದರೂ ಎರಡೇ ಸ್ವರಗಳಲ್ಲಿ ಯಾವುದು ಯಾವುದೆಂದು ತಿಳಿಯುತ್ತಿತ್ತು.

ಮಿತಿ ಎಂದರೇನೆಂದು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾವ ಆಂಪೂ ತನಗೆ ದೊರೆತ ವಿದ್ಯುತ್ ಪೂರೈಕೆಯ ವೋಲ್ಟೇಜನ್ನು ಮೀರಿ ಅಲೆಯನ್ನು ಎತ್ತಲಾರದು. ಅದಕ್ಕಿಂತ ಹೆಚ್ಚು ಕೇಳಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಹೀಗೆ ಚಪ್ಪಟೆಯಾಗುವುದೇ ಡಿಸ್ಟಾರ್ಷನ್. ಟ್ರಾನ್ಸಿಸ್ಟರ್ ಪವರ್ ಆಂಪ್‌ಗಳಲ್ಲಿ ಋಣಾತ್ಮಕ ಫೀಡ್‌ಬ್ಯಾಕ್ ಧಾರಾಳವಾಗಿ ಇರುತ್ತದೆ. 1927ರಲ್ಲಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಕಂಡುಹಿಡಿದ ಈ ವಿಧಾನ, ಹೊರಗೆ ಬಂದ ಅಲೆಯನ್ನು ಒಳಗೆ ಹೋದ ಅಲೆಯೊಂದಿಗೆ ಸದಾ ತಾಳೆ ನೋಡಿ ತಪ್ಪನ್ನು ತಿದ್ದುತ್ತದೆ. ಮಿತಿಯ ಅಂಚಿನವರೆಗೂ ಅದು ಅಲೆಯನ್ನು ನೇರವಾಗಿಡುತ್ತದೆ, ಅಂಚಿನಲ್ಲಿ ತಿದ್ದಲು ಇನ್ನು ವೋಲ್ಟೇಜೇ ಉಳಿದಿಲ್ಲವಾದಾಗ ಒಮ್ಮೆಲೇ ಕೈಬಿಡುತ್ತದೆ. ಆಗ ಅಲೆಯ ತಲೆಯನ್ನು ಕತ್ತಿಯಿಂದ ಕಡಿದಂತಾಗುತ್ತದೆ. ಫೀಡ್‌ಬ್ಯಾಕ್ ಇಲ್ಲದ ನನ್ನ ಇ.ಎಲ್. 84 ಹಾಗಲ್ಲ; ಅರ್ಧ ದಾರಿಯಿಂದಲೇ ಸ್ವಲ್ಪಸ್ವಲ್ಪವಾಗಿ ಬಾಗುತ್ತಾ ಬರುತ್ತದೆ, ಅಲೆಯ ಒಂದು ಬದಿ ಇನ್ನೊಂದಕ್ಕಿಂತ ಮೊದಲೇ ದುಂಡಗಾಗುತ್ತದೆ. ಮೆಲ್ಲಗೆ ಮೀಟಿದರೆ ಕ್ಲೀನ್, ಒತ್ತಿ ಮೀಟಿದರೆ ಗರಗರ, ನಡುವೆ ಎಷ್ಟೋ ಮೆಟ್ಟಿಲುಗಳು. ಪಿಕ್ ಹಿಡಿದ ಬೆರಳಿಗೆ ಸಿಗುವ ಆ ಮೆಟ್ಟಿಲುಗಳ ಆಸೆಯಿಂದಲೇ ನಾನು ವಾಲ್ವ್ ಆಂಪನ್ನು ಇಟ್ಟುಕೊಂಡಿದ್ದೇನೆ.

'ವಾಲ್ವಿನಲ್ಲಿ ಸಮಸಂಖ್ಯೆಯ ಹಾರ್ಮೋನಿಕ್, ಟ್ರಾನ್ಸಿಸ್ಟರಿನಲ್ಲಿ ಬೆಸಸಂಖ್ಯೆಯದು' ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದರಲ್ಲಿ ಅರ್ಧ ಮಾತ್ರ ನಿಜ. 1973ರಲ್ಲಿ ರಸೆಲ್ ಹ್ಯಾಮ್ ಎಂಬುವರು ಅಮೆರಿಕದ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಈ ಬಗೆಯ ಹೋಲಿಕೆಯೊಂದನ್ನು ಪ್ರಕಟಿಸಿದ್ದರು, ಆದರೆ ಅವರು ಅಳೆದದ್ದು ರೆಕಾರ್ಡಿಂಗ್ ಸ್ಟುಡಿಯೋದ ಮೈಕ್ ಪ್ರೀಆಂಪ್‌ಗಳನ್ನು (ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಭಾಗಗಳನ್ನು). ಅಲೆಯ ಎರಡೂ ಬದಿ ಸಮನಾಗಿ ಚಪ್ಪಟೆಯಾದರೆ ಬೆಸಸಂಖ್ಯೆಯ ಹಾರ್ಮೋನಿಕ್‌ಗಳು ಮಾತ್ರ ಹುಟ್ಟುತ್ತವೆ, ಬದಿಗಳು ಬೇರೆಬೇರೆಯಾಗಿ ಬಾಗಿದರೆ ಸಮಸಂಖ್ಯೆಯವೂ ಸೇರುತ್ತವೆ. ಎರಡು ಅಥವಾ ನಾಲ್ಕು ಔಟ್‌ಪುಟ್ ವಾಲ್ವ್‌ಗಳು ಎದುರುಬದುರಾಗಿ ಕೆಲಸ ಮಾಡುವ ಪುಶ್‌ಪುಲ್ ಆಂಪ್‌ಗಳಲ್ಲಿ ಔಟ್‌ಪುಟ್ ಹಂತದ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಒಂದನ್ನೊಂದು ಅಳಿಸಿಹಾಕುತ್ತವೆ, ನಾಲ್ಕು ಇ.ಎಲ್. 84 ಇರುವ ವಾಕ್ಸ್ ಎ.ಸಿ. 30 ಆಗಲಿ, ಮಾರ್ಷಲ್ಲಿನ ದೊಡ್ಡ ಆಂಪ್‌ಗಳಾಗಲಿ ಆ ಜಾತಿಗೇ ಸೇರಿದವು. ಅವುಗಳ ದನಿಯನ್ನು ಯಾರೂ ಕೆಟ್ಟದ್ದೆಂದು ಹೇಳಲಾರರು.

ನಮ್ಮ ಸಂಗೀತದ ಭಾಷೆಯಲ್ಲಿ ಇದನ್ನು ಇನ್ನೂ ಚೆನ್ನಾಗಿ ವಿವರಿಸಬಹುದು. ಮೀಟಿದ ಸ್ವರ ಷಡ್ಜವಾದರೆ ಎರಡನೆಯ ಹಾರ್ಮೋನಿಕ್ ತಾರ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ, ಐದನೆಯದು ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ. ಮೂರು, ಐದು ಎರಡೂ ಬೆಸಸಂಖ್ಯೆಗಳೇ. ಅವು ಕರ್ಕಶವಾಗಿದ್ದರೆ ತಂಬೂರಿಯೇ ಕರ್ಕಶವಾಗಬೇಕಿತ್ತು. ಏಳನೆಯದು ಮಾತ್ರ ನಮ್ಮ ಯಾವ ನಿಷಾದಕ್ಕೂ ಸರಿಯಾಗಿ ಕೂರದೆ ತುಸು ಕೆಳಗೆ ನಿಲ್ಲುತ್ತದೆ, ಹನ್ನೊಂದು, ಹದಿಮೂರು ಯಾವ ಸ್ವರಸ್ಥಾನಕ್ಕೂ ಸೇರದೆ ನಡುವೆ ಬೀಳುತ್ತವೆ. ಅಲೆಯ ಮೂಲೆ ಚೂಪಾದಷ್ಟೂ ಈ ದೂರದ ಹಾರ್ಮೋನಿಕ್‌ಗಳು ಹೆಚ್ಚುತ್ತವೆ, ದುಂಡಗಾದಷ್ಟೂ ಕಡಿಮೆಯಾಗುತ್ತವೆ. ಕಿವಿಗೆ ಒರಟೆನಿಸುವುದು ಈ ದೂರದವುಗಳಿಂದ.

ಒಂದಕ್ಕಿಂತ ಹೆಚ್ಚು ತಂತಿ ಮೀಟಿದಾಗ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಡಿಸ್ಟಾರ್ಷನ್ ಇದ್ದಾಗ ಎರಡು ಸ್ವರಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಸ-ಪ ಜೋಡಿಯ ಅನುಪಾತ 2:3. ವ್ಯತ್ಯಾಸ 1, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಆದ್ದರಿಂದಲೇ ಸ, ಪ ಮಾತ್ರ ಇರುವ ಪವರ್ ಕಾರ್ಡ್ ಎಷ್ಟು ಗರಗರ ಮಾಡಿದರೂ ಗಟ್ಟಿಯಾಗಿ, ದೊಡ್ಡದಾಗಿ ಕೇಳುತ್ತದೆ. ಅದಕ್ಕೆ ಗಾಂಧಾರ ಸೇರಿಸಿದ ತಕ್ಷಣ ಗೊಂದಲ ಆರಂಭವಾಗುತ್ತದೆ, ಏಕೆಂದರೆ ಗಿಟಾರಿನ ಮೆಟ್ಟಿಲುಗಳ (ಫ್ರೆಟ್‌ಗಳ) ಗಾಂಧಾರವು ಶುದ್ಧ ಅನುಪಾತದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಮೆಟ್ಟಿಲಿಗೆ 100 ಸೆಂಟ್) ಮೇಲಿರುತ್ತದೆ. ಇದು ವಾಲ್ವಿಗೂ ಟ್ರಾನ್ಸಿಸ್ಟರಿಗೂ ಒಂದೇ. ಪೂರ್ಣ ಕಾರ್ಡ್ ಹಿಡಿದು ಡಿಸ್ಟಾರ್ಷನ್ ಏರಿಸಿ 'ಆಂಪ್ ಸರಿಯಿಲ್ಲ' ಎನ್ನುವ ಹುಡುಗರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಮಿತಿಯ ವರ್ತನೆ ಸರ್ಕ್ಯೂಟಿನಿಂದ ಬರುತ್ತದೆಯೇ ಹೊರತು ಬಿಡಿಭಾಗದ ಜಾತಿಯಿಂದ ಮಾತ್ರವಲ್ಲ ಎಂಬುದಕ್ಕೆ ಟ್ಯೂಬ್ ಸ್ಕ್ರೀಮರ್ ಎಂಬ, ಗಿಟಾರಿಗೂ ಆಂಪಿಗೂ ನಡುವೆ ಇಟ್ಟು ಕಾಲಿನಿಂದ ಒತ್ತುವ ಪೆಡಲ್ ಸಾಕ್ಷಿ. ಹೆಸರಿನಲ್ಲಿ ಟ್ಯೂಬ್ (ವಾಲ್ವಿನ ಇನ್ನೊಂದು ಹೆಸರು) ಇದ್ದರೂ ಒಳಗೆ ಒಂದೂ ವಾಲ್ವ್ ಇಲ್ಲ, ಒಂದು ಐ.ಸಿ. ಮತ್ತು ಅದರ ಫೀಡ್‌ಬ್ಯಾಕಿನಲ್ಲಿ ಕುಳಿತ ಡಯೋಡ್‌ಗಳು ಅಲೆಯನ್ನು ದುಂಡಗೆ ಮಾಡುತ್ತವೆ. ಬಿ.ಬಿ. ಕಿಂಗ್ ಅವರಂತಹ ಮಹಾನ್ ವಾದಕರು ಲ್ಯಾಬ್ ಸೀರೀಸ್ ಎಲ್. 5 ಎಂಬ ಟ್ರಾನ್ಸಿಸ್ಟರ್ ಆಂಪನ್ನು ಬಹಳ ಕಾಲ ಮೆಚ್ಚಿ ನುಡಿಸಿದರು. 1975ರಲ್ಲಿ ಬಂದ ರೋಲೆಂಡ್ ಜೆ.ಸಿ. 120 ಇಂದಿಗೂ ಕ್ಲೀನ್ ದನಿಗೆ ಮಾದರಿ. ಹಾಗಿದ್ದೂ ಟ್ರಾನ್ಸಿಸ್ಟರಿಗೆ ಕೆಟ್ಟ ಹೆಸರು ಅಂಟಿಕೊಂಡದ್ದು 1960ರ ದಶಕದ ಮೊದಮೊದಲ ಆಂಪ್‌ಗಳಿಂದ. ಆಗಿನ ಟ್ರಾನ್ಸಿಸ್ಟರ್‌ಗಳು ಬಿಸಿಯಾದರೆ ತಾವೇ ತಮ್ಮನ್ನು ಸುಟ್ಟುಕೊಳ್ಳುತ್ತಿದ್ದವು.

ವ್ಯಾಟಿನ ಲೆಕ್ಕಕ್ಕೆ ಬರುತ್ತೇನೆ. 60 ವ್ಯಾಟ್ 5 ವ್ಯಾಟಿನ 12 ಪಟ್ಟು, ಆದರೆ ಡೆಸಿಬೆಲ್‌ನಲ್ಲಿ ವ್ಯತ್ಯಾಸ 11ಕ್ಕಿಂತ ಸ್ವಲ್ಪ ಕಡಿಮೆ. ಕಿವಿಗೆ ಅದು ಸುಮಾರು ಎರಡರಷ್ಟು ಜೋರು, ಅಷ್ಟೇ. ಅದರಲ್ಲೂ ವಾಲ್ವ್ ಆಂಪನ್ನು ಮಿತಿ ಮೀರಿಸಿ ನುಡಿಸಬಹುದು, ಟ್ರಾನ್ಸಿಸ್ಟರ್ ಆಂಪನ್ನು ಮಿತಿಯಿಂದ ದೂರವಿಡಬೇಕು. 'ವಾಲ್ವಿನ ವ್ಯಾಟ್ ದೊಡ್ಡದು' ಎಂಬ ನಂಬಿಕೆ ಬಂದದ್ದು ಹೀಗೆ; ವ್ಯಾಟ್ ಎರಡರಲ್ಲೂ ಒಂದೇ. ಗಿಟಾರ್ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಕೊಡುವುದರಿಂದ ನನ್ನ 5 ವ್ಯಾಟಿನ ಆಂಪನ್ನು ಪೂರ್ತಿ ತಿರುಗಿಸಿದರೆ ಗೋಡೆಗೆ ಗೋಡೆ ಅಂಟಿದ ನಮ್ಮ ಓಣಿಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಹೀಗಿರುವಾಗ 50 ವ್ಯಾಟಿನ ವಾಲ್ವ್ ಆಂಪನ್ನು ಮನೆಗೆ ತಂದು, ವಾಲ್ಯೂಮನ್ನು ಒಂದರ ಮೇಲೆ ಏರಿಸಲಾರದೆ, ಔಟ್‌ಪುಟ್ ವಾಲ್ವ್‌ಗಳ ಮಿತಿಯನ್ನು ಒಮ್ಮೆಯೂ ಮುಟ್ಟದೆ ನುಡಿಸುವವರು ದುಡ್ಡು ಕೊಟ್ಟ ಗುಣವನ್ನು ಪಡೆಯದೇ ಉಳಿಯುತ್ತಾರೆ. ಇದು ನನ್ನ ಗಟ್ಟಿ ಅಭಿಪ್ರಾಯ.

ವೇದಿಕೆಗೆ ನಾನು ಟ್ರಾನ್ಸಿಸ್ಟರನ್ನೇ ಒಯ್ಯಲು ಕಾರಣವಾದ ಘಟನೆಯೊಂದಿದೆ. ಹಿಂದೆ ನನ್ನ ಬಳಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ 30 ವ್ಯಾಟಿನ ವಾಲ್ವ್ ಆಂಪ್ ಇತ್ತು. ಹರಿಹರದ ಕಡೆಯ ಹಳ್ಳಿಯೊಂದರ ಗಣೇಶೋತ್ಸವದಲ್ಲಿ, ಕುಣಿತದ ಹಾಡಿನ ನಡುವೆ ಯಾರದೋ ಕಾಲು ತಗುಲಿ ಸ್ಪೀಕರ್ ವೈರು ಸಡಿಲವಾಯಿತು. ರಿದಮ್ ಪ್ಯಾಡ್ ಮತ್ತು ಕೀಬೋರ್ಡಿನ ಅಬ್ಬರದಲ್ಲಿ ನನಗೆ ತಿಳಿಯದೆ ಹಾಡು ಮುಗಿಯುವವರೆಗೂ ಜೋರಾಗಿ ನುಡಿಸಿದೆ. ಸುಟ್ಟ ವಾಸನೆ ಬಂದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಮರುದಿನ ಅದನ್ನು ನಮ್ಮೂರಿನ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ. ವಾಲ್ವ್ ರೇಡಿಯೋ ಕಾಲದಿಂದ ಕೆಲಸ ಮಾಡಿದ ಹಿರಿಯರು ಅವರು. ಬಿಚ್ಚಿ ನೋಡಿ, "ತಮ್ಮಾ, ವಾಲ್ವ್ ಸೆಟ್ಟಿಗೆ ಸ್ಪೀಕರ್ ಇಲ್ಲದಂಗ ಮಾಡಬಾರ್ದು. ಹೋಗಾಕ ಜಾಗ ಇಲ್ಲಾಂದ್ರ ಆ ಏಟು ತಿರುಗಿ ಟ್ರಾನ್ಸ್‌ಫಾರ್ಮರಿಗೇ ಬೀಳ್ತತಿ" ಎಂದರು. ಅವರು ಹೇಳಿದ್ದು ಅಕ್ಷರಶಃ ಸರಿ. ವಾಲ್ವಿನ ಬದಿಯಲ್ಲಿ ಕೆಲವು ಸಾವಿರ ಓಂ, ಸ್ಪೀಕರಿನ ಬದಿಯಲ್ಲಿ 8 ಓಂ; ಎರಡನ್ನೂ ಹೊಂದಿಸುವ ಆ ಟ್ರಾನ್ಸ್‌ಫಾರ್ಮರಿನ ಕಾಂತಶಕ್ತಿಗೆ ಹೊರಹೋಗುವ ದಾರಿ ಮುಚ್ಚಿದರೆ ಒಳಗೆ ವೋಲ್ಟೇಜ್ ಅತಿಯಾಗಿ ಏರಿ ಸುತ್ತುಗಳ ನಡುವಿನ ನಿರೋಧಕ ಪದರವನ್ನೇ ಸುಡುತ್ತದೆ. ಟ್ರಾನ್ಸಿಸ್ಟರ್ ಆಂಪಿನ ಗುಣ ಇದಕ್ಕೆ ತದ್ವಿರುದ್ಧ: ಸ್ಪೀಕರ್ ಇಲ್ಲದಿದ್ದರೆ ಅದಕ್ಕೆ ಏನೂ ಆಗುವುದಿಲ್ಲ, ವೈರುಗಳು ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹೋಗುತ್ತವೆ. ಹುಡುಗರಿಗೆ ಇದೊಂದನ್ನು ಬಾಯಿಪಾಠ ಮಾಡಿಸಿದ್ದೇನೆ. ಜೊತೆಗೆ, ವಾಲ್ವ್ ಆಂಪಿನ ಹಿಂಬದಿಯನ್ನು ಅವರು ತೆರೆಯಕೂಡದೆಂದೂ ಹೇಳಿದ್ದೇನೆ; ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು, ಮುನ್ನೂರು-ನಾನ್ನೂರು ವೋಲ್ಟ್, ಉಳಿದಿರಬಹುದು.

ವೇದಿಕೆಯ ಕರೆಂಟೂ ಒಂದು ಕಾರಣ. ಜನರೇಟರ್ ಮೇಲೆ ಸಾಲು ಸಾಲು ಲೈಟುಗಳಿರುವಾಗ 230 ವೋಲ್ಟ್ ಇರಬೇಕಾದದ್ದು 190ಕ್ಕೆ ಇಳಿದದ್ದನ್ನು ನಾನೇ ಮೀಟರಿನಲ್ಲಿ ನೋಡಿದ್ದೇನೆ. ಆಗ ವಾಲ್ವಿನ ಹೀಟರಿಗೆ ಸಿಗಬೇಕಾದ 6.3 ವೋಲ್ಟ್ 5.2ಕ್ಕೆ ಇಳಿಯುತ್ತದೆ, ಶೇ. 10ಕ್ಕಿಂತ ಹೆಚ್ಚು ಏರುಪೇರು ವಾಲ್ವಿಗೆ ಒಳ್ಳೆಯದಲ್ಲ. ಟ್ರಾನ್ಸಿಸ್ಟರ್ ಆಂಪಿನ ಪ್ರೀಆಂಪ್ ಭಾಗಕ್ಕೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ ಇರುವುದರಿಂದ ಇದರ ಪರಿಣಾಮ ತೀರಾ ಕಡಿಮೆ. ಮನೆಯಲ್ಲಿ ವಾಲ್ವ್ ಆಂಪಿಗೆ ಸ್ಟೆಬಿಲೈಸರ್ ಇಟ್ಟಿದ್ದೇನೆ. ಏಪ್ರಿಲ್ ಬಿಸಿಲಿನಲ್ಲಿ ಅದರ ಎರಡು ಪುಟ್ಟ ವಾಲ್ವ್‌ಗಳೇ ಕೋಣೆಯ ಸೆಕೆಯನ್ನು ಹೆಚ್ಚಿಸುತ್ತವೆ ಎಂಬುದು ಬೇರೆ ಮಾತು.

ದಾವಣಗೆರೆಯಲ್ಲಿ ಹೊಸ ವಾಲ್ವ್ ಸಿಗುವುದಿಲ್ಲ. ಹೊರಗಿನಿಂದ ತರಿಸಬೇಕು, ಅವು ಬರುವುದೂ ಸ್ಲೊವಾಕಿಯ, ರಷ್ಯ, ಚೀನಾದಂಥ ಕೆಲವೇ ದೇಶಗಳಿಂದ. ಹಿಂದೆ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯೇ ವಾಲ್ವ್ ತಯಾರಿಸುತ್ತಿತ್ತು, ಇ.ಎಲ್. 84 ಸಹ ಅವುಗಳಲ್ಲಿ ಒಂದು. ಟ್ರಾನ್ಸಿಸ್ಟರ್ ಆಂಪಿಗೆ ವರ್ಷಗಟ್ಟಲೆ ಏನೂ ಬೇಡ, ಕೆಟ್ಟರೆ ಮಾತ್ರ ಹೊಸ ಮಾದರಿಗಳ ಒತ್ತೊತ್ತಾದ ಬೋರ್ಡನ್ನು ರಿಪೇರಿ ಮಾಡುವುದು ಕಷ್ಟ. ಈಗ ಬರುತ್ತಿರುವ ಡಿಜಿಟಲ್ ಮಾಡೆಲಿಂಗ್ ಆಂಪ್‌ಗಳ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಅವನ್ನು ಇದೇ ಸ್ಪೀಕರಿಗೆ ಹಾಕಿ ಕೇಳಿದ ಮೇಲೆ ಬರೆಯುತ್ತೇನೆ.

ಈಗ ಹುಡುಗರು ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು "ಎಲ್ಲಿ ನುಡಿಸ್ತೀಯಪ್ಪಾ, ಎಷ್ಟು ಜೋರು ನುಡಿಸಾಕ ಬಿಡ್ತಾರ?" ಎಂದು. ಕಲಿಯುವವನಿಗೆ, ಆರ್ಕೆಸ್ಟ್ರಾಕ್ಕೆ ಹೋಗುವವನಿಗೆ ಗಿಟಾರಿಗೆಂದೇ ಮಾಡಿದ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ ಮತ್ತು ಟ್ಯೂಬ್ ಸ್ಕ್ರೀಮರಿನಂಥ ಒಂದು ಓವರ್‌ಡ್ರೈವ್ ಪೆಡಲ್ ಸಾಕು. ಬೆರಳಿನ ಒತ್ತಡವೊಂದರಿಂದಲೇ ದನಿಯನ್ನು ಆಳುವುದನ್ನು ಕಲಿಯಬೇಕೆಂಬ ಹಂತಕ್ಕೆ ಬಂದವನಿಗೆ, ಮನೆಯಲ್ಲಿ ಸ್ವಲ್ಪ ಗಟ್ಟಿಯಾಗಿ ನುಡಿಸಲು ಅವಕಾಶವಿದ್ದರೆ, 5 ವ್ಯಾಟಿಗಿಂತ ದೊಡ್ಡದಲ್ಲದ ವಾಲ್ವ್ ಆಂಪ್.

ಅಂದು ಸುಟ್ಟ ಟ್ರಾನ್ಸ್‌ಫಾರ್ಮರನ್ನು ಮತ್ತೆ ಸುತ್ತಿಕೊಟ್ಟ ಆ ರೇಡಿಯೋ ಮೆಕ್ಯಾನಿಕ್ ಹಿರಿಯರನ್ನು ಕಳೆದ ತಿಂಗಳು ಮತ್ತೆ ಕಂಡೆ. ಹಾಳಾದ ರೇಡಿಯೋವೊಂದರಿಂದ ಬಿಚ್ಚಿಟ್ಟಿದ್ದ ಬಿ.ಇ.ಎಲ್. ಇ.ಎಲ್. 84 ಒಂದನ್ನು ಹಳೆಯ ಪತ್ರಿಕೆಯ ತುಂಡಿನಲ್ಲಿ ಸುತ್ತಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ನನ್ನ ಆಂಪ್ ಕ್ಯಾಥೋಡ್ ಬಯಾಸಿನದು, ಅಂದರೆ ವಾಲ್ವಿನ ಕರೆಂಟು ತಾನಾಗಿಯೇ ಹೊಂದಿಕೊಳ್ಳುತ್ತದೆ, ನಾವು ಹೊಂದಿಸುವ ಕೆಲಸವಿಲ್ಲ. ಹಾಕಿ, ಒಂದು ನಿಮಿಷ ಕಾಯಿಸಿ, ಹೊಸ ವಾಲ್ವಿನೊಂದಿಗೆ ಹೋಲಿಸಿ ನುಡಿಸಿದೆ. ಗೋಡೆಗೆ ಮುಖಮಾಡಿ ಕುಳಿತ ಶಿಷ್ಯನಿಗೆ ವ್ಯತ್ಯಾಸ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆದರೂ ಅದನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದೇನೆ.